ಕುಡಿತವೂ ಮನೋರೋಗವೂ ಕೂಡಿರುವ ಬೀದಿಯ ಮನುಷ್ಯರನ್ನು ಮೊದಲು ಸೇರಿಸಿಕೊಳ್ಳಬೇಕಾದವರು ಯಾರು?

ಪ್ರಶ್ನೆ: ಮಂಡಿಪೇಟೆ ವರ್ತಕ, ದಾವಣಗೆರೆ

ಮನೆಯಿಲ್ಲದೆ ಬೀದಿಯಲ್ಲಿ ಬದುಕುವ, ಮನಸ್ಸಿನ ಕಾಯಿಲೆಯೂ ಕುಡಿತದ ಚಟವೂ ಒಟ್ಟಿಗೇ ಅಂಟಿಕೊಂಡಿರುವ ವಯಸ್ಕರ ಜವಾಬ್ದಾರಿ ನಮ್ಮ ಊರಿನಲ್ಲಿ ಯಾರದು ಎಂಬುದನ್ನು ತಿಳಿದವರಿಂದ ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ನಮ್ಮ ಅಂಗಡಿ ಸಾಲಿನ ಜಗಲಿಯಲ್ಲಿ ಬಹಳ ಕಾಲದಿಂದ ಒಬ್ಬರು ಮಲಗುತ್ತಿದ್ದಾರೆ. ವಯಸ್ಸು ನಲವತ್ತು ದಾಟಿರಬಹುದು. ಹಿಂದೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದರು, ಆಮೇಲೆ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದರು ಎಂದು ಹಳಬರು ಹೇಳುತ್ತಾರೆ. ಯಾರೋ ತಮ್ಮನ್ನು ಬೈಯುತ್ತಿದ್ದಾರೆಂದು ಖಾಲಿ ರಸ್ತೆಗೆ ಉತ್ತರ ಕೊಡುತ್ತಾರೆ, ರಾತ್ರಿಯೆಲ್ಲ ಕೂತಿರುತ್ತಾರೆ, ಬೆಳಿಗ್ಗೆ ಯಾರ ಬಳಿಯಾದರೂ ಹಣ ಕೇಳಿ ನೈಂಟಿ ಪ್ಯಾಕೆಟ್ ಕುಡಿದು ಬಂದರೆ ಮಾತ್ರ ಕೈನಡುಕ ನಿಂತು ಒಂದಿಷ್ಟು ಸುಮ್ಮನಾಗುತ್ತಾರೆ. ಪಂಕ್ಚರ್ ಸಲ್ಯೂಷನ್ನಿನ ಬಟ್ಟೆ ಮೂಗಿಗೆ ಹಿಡಿದಿದ್ದನ್ನೂ ಕೆಲವರು ಕಂಡಿದ್ದಾರೆ.

ನಾವು ಕೆಲವರು ಸೇರಿ ಅವರನ್ನು ಒಂದು ಆಸ್ಪತ್ರೆಗೆ ಕರೆದೊಯ್ದಾಗ, ಕುಡಿದಿದ್ದಾರೆ, ಅದನ್ನು ಬಿಡಿಸಿ ಕರೆತನ್ನಿ ಎಂದರು. ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ವಿಚಾರಿಸಿದರೆ, ಮಾನಸಿಕ ಕಾಯಿಲೆ ಇರುವವರನ್ನು ತೆಗೆದುಕೊಳ್ಳುವುದಿಲ್ಲ, ಅಲ್ಲದೆ ಮನೆಯವರ ಸಹಿಯೂ ಮುಂಗಡವೂ ಬೇಕು ಎಂದರು. ರಾತ್ರಿ ತಂಗುದಾಣವೊಂದರ ಬಾಗಿಲಲ್ಲಿ ಕುಡಿದವರಿಗೆ ಪ್ರವೇಶವಿಲ್ಲ ಎಂಬ ಬೋರ್ಡೇ ಇತ್ತು. ಹೀಗೆ ಮೂರು ಕಡೆಯವರೂ ತಮ್ಮ ತಮ್ಮ ನಿಯಮದ ಮಟ್ಟಿಗೆ ಸರಿಯಾಗಿಯೇ ಮಾತನಾಡಿದಂತೆ ಕಂಡರೂ ಕೊನೆಗೆ ಆ ಮನುಷ್ಯ ಮರಳಿ ಬಂದದ್ದು ನಮ್ಮ ಜಗಲಿಗೇ.

ನನ್ನ ಪ್ರಶ್ನೆಗಳು ಇವು. ಎರಡು ಕಾಯಿಲೆಗಳಲ್ಲಿ ಯಾವುದಕ್ಕೆ ಮೊದಲು ಚಿಕಿತ್ಸೆಯಾಗಬೇಕು? ಗುರುತಿನ ಚೀಟಿಯಾಗಲಿ ಬಂಧುಗಳಾಗಲಿ ಇಲ್ಲದವರನ್ನು ಸೇರಿಸಿಕೊಳ್ಳಲೇಬೇಕೆಂಬ ಕಾನೂನು ಇದೆಯೇ? ಯಾರೂ ಹಣ ಕೊಡದೆ ಕುಡಿತ ನಿಲ್ಲುವಂತೆ ಮಾಡೋಣ ಎಂದು ಪಕ್ಕದ ಅಂಗಡಿಯವರು ಸಲಹೆ ಕೊಡುತ್ತಿದ್ದಾರೆ, ಹುಬ್ಬಳ್ಳಿ ಕಡೆಯ ರೈಲು ಹತ್ತಿಸಿಬಿಡೋಣ ಎನ್ನುವವರೂ ಇದ್ದಾರೆ. ಎರಡನೆಯದು ನನಗೆ ಒಪ್ಪಿಗೆಯಿಲ್ಲ. ಮೊದಲನೆಯದರಲ್ಲಿ ತಪ್ಪೇನಿದೆ ಎಂಬುದು ನನಗೆ ತಿಳಿಯದು.

ಉತ್ತರ 1: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ದಾವಣಗೆರೆ

ಸರ್, ನಿಮ್ಮ ಪಕ್ಕದ ಅಂಗಡಿಯವರ ಸಲಹೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಪ್ರಾಣಕ್ಕೆ ಸಂಬಂಧಿಸಿದ್ದು. ಬೆಳಿಗ್ಗೆ ಕುಡಿದ ಮೇಲೆಯೇ ಕೈನಡುಕ ನಿಲ್ಲುತ್ತದೆ ಎಂದು ನೀವು ಬರೆದಿರುವುದರ ಅರ್ಥ, ಅವರ ದೇಹ ಮದ್ಯಕ್ಕೆ ಪೂರ್ತಿ ಒಗ್ಗಿಹೋಗಿದೆ ಎಂದು. ಇಂಥವರಿಗೆ ಕುಡಿತ ಇದ್ದಕ್ಕಿದ್ದಂತೆ ತಪ್ಪಿದರೆ 6ರಿಂದ 24 ಗಂಟೆಗಳೊಳಗೆ ನಡುಕ, ಬೆವರು, ವಾಂತಿ, ಎದೆಬಡಿತ ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಗಳಲ್ಲಿ ಬರುತ್ತದೆ. ಎರಡನೆಯ ದಿನ ಕಳೆದು ಮೂರನೆಯ ದಿನಕ್ಕೆ ಕಾಲಿಡುವ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಎಲ್ಲಿದ್ದೇನೆ, ಯಾರೊಂದಿಗಿದ್ದೇನೆ ಎಂಬುದು ತಿಳಿಯುವುದಿಲ್ಲ, ಹುಳುಹುಪ್ಪಟೆ ಹರಿದಾಡಿದಂತೆ ಕಾಣುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಇಲ್ಲದ ಸನ್ನಿಯಿಂದ ಸಾಯುವವರಿದ್ದಾರೆ. ಹೆರಾಯಿನ್ ನಿಲ್ಲಿಸಿದರೆ ನರಳಾಟ ಹೆಚ್ಚು, ಮದ್ಯ ನಿಲ್ಲಿಸಿದರೆ ಸಾವಿನ ಭಯ ಹೆಚ್ಚು ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಆದ್ದರಿಂದ ಕುಡಿತ ಬಿಡಿಸಿ ಕರೆತನ್ನಿ ಎಂಬ ಮಾತನ್ನು ಯಾರೇ ಹೇಳಿರಲಿ, ಅದು ವೈದ್ಯಕೀಯವಾಗಿ ನಿಲ್ಲುವ ಮಾತಲ್ಲ. ಬಿಡಿಸುವ ಕೆಲಸವೇ ಆಸ್ಪತ್ರೆಯೊಳಗೆ ಆಗಬೇಕಾದದ್ದು.

ಅಲ್ಲಿ ಆಗುವುದೇನೆಂದರೆ, ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಎಂಬ, ನಡುಕವನ್ನೂ ಫಿಟ್ಸನ್ನೂ ತಡೆಯುವ ಔಷಧಿ ಕೊಟ್ಟು ಅದರ ಪ್ರಮಾಣವನ್ನು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಯಕೃತ್ತು ಕೆಟ್ಟಿದ್ದರೆ ಅದೇ ಬಗೆಯ ಲೋರಾಜೆಪಾಮ್ ಆರಿಸಿಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯವಾಗಿ ಥಯಮಿನ್, ಅಂದರೆ ಬಿ1 ವಿಟಮಿನ್ನನ್ನು ಇಂಜೆಕ್ಷನ್ ಮೂಲಕ ಕೊಡಬೇಕು. ಊಟಕ್ಕಿಂತ ಕುಡಿತವೇ ಹೆಚ್ಚಾಗಿರುವವರ ಮೈಯಲ್ಲಿ ಅದು ಬತ್ತಿರುತ್ತದೆ, ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಿ ನೆನಪಿನ ಶಕ್ತಿ ಶಾಶ್ವತವಾಗಿ ಹೋಗುವ ಅಪಾಯವಿದೆ.

ಯಾವುದು ಮೊದಲು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಎರಡೂ ಒಟ್ಟಿಗೆ, ಅದೂ ಸಾಧ್ಯವಾದಷ್ಟು ಒಂದೇ ತಂಡದ ಕೈಯಲ್ಲಿ. ಕಿವಿಯಲ್ಲಿ ಕೇಳುವ ಬೈಗುಳವನ್ನು ತಗ್ಗಿಸಲು, ನಿದ್ದೆ ಬರಿಸಿಕೊಳ್ಳಲು, ಚಳಿ ಹಸಿವು ಮರೆಯಲು ಕುಡಿಯುವವರಿದ್ದಾರೆ. ವರ್ಷಗಟ್ಟಲೆ ಕುಡಿದದ್ದರಿಂದಲೇ ದನಿಗಳು ಕೇಳತೊಡಗುವವರೂ ಇದ್ದಾರೆ. ನಿಮ್ಮ ಜಗಲಿಯವರು ಇವರಲ್ಲಿ ಯಾರೆಂದು ಹೊರಗಿನಿಂದ ನೋಡಿ ಹೇಳಲಾಗದು. ಮದ್ಯವಿಲ್ಲದೆ ಕೆಲವು ವಾರ ಕಳೆದ ಮೇಲೂ ದನಿಗಳು ಉಳಿದರೆ ಸ್ಕಿಜೋಫ್ರೇನಿಯಾದಂಥ ಬೇರೆ ಕಾಯಿಲೆ ಇದೆಯೆಂದು ವೈದ್ಯರು ಭಾವಿಸುತ್ತಾರೆ, ಅವು ತಾವಾಗಿ ಕರಗಿದರೆ ಮದ್ಯದ್ದೇ ಪರಿಣಾಮವೆಂದು ತಿಳಿಯುತ್ತಾರೆ. ಈ ಅನುಮಾನ ಇರುವುದೇ ಸೇರಿಸಿಕೊಂಡು ಗಮನಿಸುವುದಕ್ಕೆ ಕಾರಣವಾಗಬೇಕೇ ಹೊರತು ಹೊರಗೆ ಕಳುಹಿಸುವುದಕ್ಕೆ ಅಲ್ಲ. ದಿನಾ ಮಾತ್ರೆ ನುಂಗುವ ಶಿಸ್ತು ಬೀದಿಯ ಬದುಕಿನಲ್ಲಿ ಕಷ್ಟವಾದ್ದರಿಂದ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಕೊಡುವ ಫ್ಲುಫೆನಜಿನ್‌ನಂಥ ದೀರ್ಘಾವಧಿಯ ಚುಚ್ಚುಮದ್ದು ಇಂಥವರಿಗೆ ಎಷ್ಟೋ ಸಲ ಒಗ್ಗುತ್ತದೆ.

ನೀವಾಗಿಯೇ ಮಾಡಬಾರದ ಒಂದೆರಡು ಸಂಗತಿಗಳಿವೆ. ಪೇಟೆಯಲ್ಲಿ ಗುಟ್ಟಾಗಿ ಊಟಕ್ಕೆ ಬೆರೆಸಿ ಕೊಡಿ ಎಂದು ಮಾರುವ ಕುಡಿತ ಬಿಡಿಸುವ ಪುಡಿಗಳ ತಂಟೆಗೆ ಹೋಗಬೇಡಿ. ಅವುಗಳಲ್ಲಿ ಡೈಸಲ್ಫಿರಾಮ್ ಎಂಬ, ಮದ್ಯ ಮೈಗೆ ಒಗ್ಗದಂತೆ ಮಾಡುವ ಔಷಧಿ ಇದ್ದರೆ, ಅದರ ಮೇಲೆ ಕುಡಿದಾಗ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತಾಗಬಹುದು, ದನಿ ಕೇಳುವ ಕಾಯಿಲೆಯೂ ಅದರಿಂದ ಕೆರಳಬಹುದು. ಸಲ್ಯೂಷನ್ ಸೇದುತ್ತಿರುವಾಗ ಅವರನ್ನು ಗದರಿಸಿ ಓಡಿಸಬೇಡಿ; ಆ ಆವಿ ಒಳಗಿರುವಾಗ ಗಾಬರಿಯಿಂದ ಓಡಿದರೆ ಹೃದಯ ಏಕಾಏಕಿ ನಿಲ್ಲುವುದುಂಟು. ತೂರಾಡುವವರೆಲ್ಲ ಕುಡಿದವರೆಂದೂ ತಿಳಿಯಬಾರದು, ತಲೆಗೆ ಪೆಟ್ಟು ಬಿದ್ದವರೂ ಸಕ್ಕರೆ ಅಂಶ ಕುಸಿದವರೂ ಹಾಗೆಯೇ ತೊದಲುತ್ತಾರೆ. ಫಿಟ್ಸ್, ತಡಬಡ ಮಾತು, ಎಬ್ಬಿಸಿದರೂ ಏಳದಿರುವುದು, ಇವುಗಳಲ್ಲಿ ಯಾವುದನ್ನು ಕಂಡರೂ 108ಕ್ಕೆ ಕರೆ ಮಾಡಿ ತುರ್ತು ವಿಭಾಗಕ್ಕೆ ಕಳುಹಿಸಿ. ಅಲ್ಲಿ ಅವರನ್ನು ಕುಡುಕನೆಂದಲ್ಲ, ಕುಡಿತ ನಿಂತು ಇಷ್ಟು ಗಂಟೆಯಾಗಿದೆ ಎಂದು ಪರಿಚಯಿಸಿ. ವೈದ್ಯರ ಕಿವಿ ನೆಟ್ಟಗಾಗುವುದು ಆ ಮಾತಿಗೆ.

ಉತ್ತರ 2: ವಕೀಲರು, ಹರಿಹರ

ಕಾನೂನಿನ ಭಾಗವನ್ನು ನಾನು ಹೇಳುತ್ತೇನೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಅಂಗೀಕಾರಗೊಂಡು 2018ರ ಮೇ 29ರಿಂದ ಜಾರಿಯಲ್ಲಿದೆ. ಈ ಚರ್ಚೆಗೆ ಅದರ ಅತಿ ಮುಖ್ಯವಾದ ಸಾಲು ಆರಂಭದ ವ್ಯಾಖ್ಯಾನದಲ್ಲಿಯೇ ಇದೆ: ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯೊಂದಿಗೆ ಬರುವ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯೊಳಗೇ ಸೇರುತ್ತವೆ. ಆದ್ದರಿಂದ ಇದು ಕುಡಿತದ ಪ್ರಕರಣ, ಮನೋರೋಗದ ಪ್ರಕರಣವಲ್ಲ ಎಂದು ಎರಡು ಕಡತಗಳನ್ನು ಮಾಡುವುದಕ್ಕೆ ಕಾಯ್ದೆಯಲ್ಲಿ ಆಧಾರವಿಲ್ಲ. ಇದೇ ಕಾರಣಕ್ಕೆ ಒಳರೋಗಿಗಳನ್ನು ಇಟ್ಟುಕೊಳ್ಳುವ ವ್ಯಸನಮುಕ್ತಿ ಕೇಂದ್ರಗಳೂ ಈ ಕಾಯ್ದೆಯಡಿ ನೋಂದಣಿಯಾಗಿರಬೇಕು. ಮುಂಗಡ ಕೇಳುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಸರಪಳಿ ಹಾಕುವುದನ್ನು ಕಲಂ 95 ಸಂಪೂರ್ಣವಾಗಿ ನಿಷೇಧಿಸಿದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಸರಪಳಿಯಲ್ಲಿದ್ದವರು ಬೆಂಕಿಯಿಂದ ತಪ್ಪಿಸಿಕೊಳ್ಳಲಾಗದೆ 28 ಮಂದಿ ಸತ್ತ ಮೇಲೂ ಅಂಥ ಕೊಠಡಿಗಳು ಅಲ್ಲಲ್ಲಿ ಉಳಿದಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಕಲಂ 100ರಲ್ಲಿದೆ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ, ಮಾನಸಿಕ ಕಾಯಿಲೆ ಇದೆಯೆಂದು ನಂಬಲು ಕಾರಣವಿರುವ ವ್ಯಕ್ತಿಯನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಆಯಾ ಠಾಣಾಧಿಕಾರಿಯ ಕರ್ತವ್ಯ. 24 ಗಂಟೆ ಮೀರದಂತೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ತಪಾಸಣೆ ನಡೆಸುವ ಹೊಣೆ ಅಲ್ಲಿನ ವೈದ್ಯಾಧಿಕಾರಿಯದು. ದಾಖಲಿಸುವ ಅಗತ್ಯವಿಲ್ಲವೆಂದು ವೈದ್ಯರು ಹೇಳಿದರೂ ಪೊಲೀಸರು ವ್ಯಕ್ತಿಯನ್ನು ಮತ್ತೆ ರಸ್ತೆಯಲ್ಲಿ ಬಿಡುವಂತಿಲ್ಲ. ಮನೆಯಿಲ್ಲದವರಾದರೆ ನಿರ್ಗತಿಕರಿಗಾಗಿ ಇರುವ ಸರ್ಕಾರಿ ನೆಲೆಗೆ ಸೇರಿಸಬೇಕು. ಕಾಣೆಯಾದ ವ್ಯಕ್ತಿಯೆಂದು ಎಫ್‌ಐಆರ್ ದಾಖಲಿಸಿ ಕುಟುಂಬವನ್ನು ಹುಡುಕುವುದೂ ಅವರದೇ ಕೆಲಸ. ಇನ್ನು ಹಣದ ಮಾತು: ನಿರ್ಗತಿಕರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತವೆಂದು ಕಲಂ 18 ಹೇಳುತ್ತದೆ, ಬಿಪಿಎಲ್ ಕಾರ್ಡು ಇದೆಯೋ ಇಲ್ಲವೋ ಎಂಬುದು ಅಲ್ಲಿ ಮುಖ್ಯವಲ್ಲ.

ಮನೆಯವರ ಸಹಿ ಎಂಬ ತಡೆಗೂ ದಾರಿಯಿದೆ. ಮನೆಯವರಾಗಲಿ ಆರೈಕೆ ಮಾಡುವವರಾಗಲಿ ಸಿಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯು ಸೂಕ್ತರಾದ ಬೇರೊಬ್ಬರನ್ನು, ಅಂಥವರೂ ಇಲ್ಲದಿದ್ದರೆ ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರನ್ನು ಅಥವಾ ಅವರು ಸೂಚಿಸಿದವರನ್ನು ನಾಮನಿರ್ದೇಶಿತ ಪ್ರತಿನಿಧಿಯಾಗಿ, ಅಂದರೆ ರೋಗಿಯ ಪರವಾಗಿ ನಿಲ್ಲುವವರಾಗಿ ನೇಮಿಸಬೇಕು. ಅದುವರೆಗೆ ಮನೋರೋಗಿಗಳಿಗಾಗಿ ದುಡಿಯುವ ನೋಂದಾಯಿತ ಸಂಘದ ಪ್ರತಿನಿಧಿಯೊಬ್ಬರು ತಾತ್ಕಾಲಿಕವಾಗಿ ಆ ಸ್ಥಾನದಲ್ಲಿ ನಿಲ್ಲಬಹುದು. ಸ್ವತಃ ಒಪ್ಪುವ ಸ್ಥಿತಿಯಲ್ಲಿಲ್ಲದವರನ್ನು ಕಲಂ 89ರಡಿ ಪ್ರತಿನಿಧಿಯ ಅರ್ಜಿ ಮತ್ತು ಇಬ್ಬರು ತಜ್ಞರ ಪ್ರತ್ಯೇಕ ಪರೀಕ್ಷೆಯ ಮೇಲೆ ಗರಿಷ್ಠ 30 ದಿನ ದಾಖಲಿಸಿಕೊಳ್ಳಲು ಅವಕಾಶವಿದೆ.

ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಸಿಗುತ್ತದೆ. ವರ್ತಕರ ಸಂಘದ ಹಾಳೆಯಲ್ಲಿ ಕಲಂ 100 ಎಂದು ಸ್ಪಷ್ಟವಾಗಿ ನಮೂದಿಸಿ ಠಾಣೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಸ್ಪತ್ರೆ ಸೇರಿಸಿಕೊಳ್ಳದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಿ ಎಂದು ವಿನಯದಿಂದಲೇ ಕೇಳಿ. ಅಷ್ಟಾದರೂ ಬಾಗಿಲು ತೆರೆಯದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ರೈಲು ಹತ್ತಿಸುವವರಿಗೆ ಹೇಳುವುದಿಷ್ಟೇ: ಹುಬ್ಬಳ್ಳಿಯವರೂ ಹೀಗೆಯೇ ಯೋಚಿಸಿದರೆ ಅಲ್ಲಿನವರು ನಿಮ್ಮ ಜಗಲಿಗೆ ಬರುತ್ತಾರೆ.

ಉತ್ತರ 3: ವಸತಿರಹಿತರ ಆಶ್ರಯದ ಮೇಲ್ವಿಚಾರಕ, ಚಿತ್ರದುರ್ಗ

ವಕೀಲರು ಹೇಳಿದ್ದೆಲ್ಲ ಸರಿಯೇ, ಆದರೆ ಅದನ್ನು ಮೊದಲ ದಿನವೇ ಮಾಡಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ಯಾರೋ ತಮ್ಮನ್ನು ಹಿಡಿಯಲು ಬರುತ್ತಾರೆಂಬ ಭಯದಲ್ಲೇ ಬದುಕುವವರ ಎದುರು ಪೊಲೀಸ್ ಜೀಪು ನಿಂತರೆ ಆ ಭಯ ನಿಜವೆಂದೇ ರುಜುವಾತಾಗುತ್ತದೆ. ಅವರು ಜಗಲಿ ಬಿಟ್ಟು ಹೆದ್ದಾರಿಯ ಕಡೆಗೆ ಹೋಗಿಬಿಡುತ್ತಾರೆ. ನಮ್ಮಲ್ಲಿ ರಾಷ್ಟ್ರೀಯ ಹೆದ್ದಾರಿ 48 ಮತ್ತು 50 ಕೂಡುವುದರಿಂದ ಲಾರಿ ನಿಲ್ಲುವ ಕಡೆಯಲ್ಲೆಲ್ಲ ಎಲ್ಲಿಂದಲೋ ಬಂದ, ಕನ್ನಡ ಬಾರದ ಇಂಥವರು ಕಾಣಸಿಗುತ್ತಾರೆ. ಅವರನ್ನು ಎರಡನೆಯ ಸಲ ಹುಡುಕುವುದು ಎಷ್ಟು ಕಷ್ಟವೆಂದು ಈ ಕೆಲಸದಲ್ಲಿರುವವರಿಗೆ ಗೊತ್ತು. ತುರ್ತು ಇಲ್ಲದಿದ್ದರೆ ಮೊದಲು ಪರಿಚಯ ಬೆಳೆಯಲಿ. ದಿನವೂ ಒಬ್ಬರೇ, ಒಂದೇ ಹೊತ್ತಿಗೆ ಹೋಗಿ ಚಹಾ ಕೊಟ್ಟು ಹೆಸರು ಹಿಡಿದು ಮಾತನಾಡಿಸಬೇಕು. ಕೈಗೆ ಹಣ ಕೊಡುವ ಬದಲು ಜೊತೆಯಲ್ಲಿ ಇಂದಿರಾ ಕ್ಯಾಂಟೀನಿಗೆ ನಡೆದರೆ ಊಟವೂ ಆಯಿತು, ಅವರು ಎಷ್ಟು ದೂರ ನಿಮ್ಮ ಜೊತೆ ಬರಬಲ್ಲರೆಂದೂ ತಿಳಿಯಿತು. ಕೋಲ್ಕತ್ತದ ಈಶ್ವರ ಸಂಕಲ್ಪ ಸಂಸ್ಥೆಯವರು ಬೀದಿಯಲ್ಲಿದ್ದವರಿಗೆ ಬೀದಿಯಲ್ಲಿಯೇ ಔಷಧಿ ಆರಂಭಿಸಿದ್ದಾರೆ, ಸುತ್ತಲಿನ ಚಹಾದಂಗಡಿಯವರೂ ವ್ಯಾಪಾರಿಗಳೂ ಆ ಆರೈಕೆಯಲ್ಲಿ ಕೈಜೋಡಿಸಿದ್ದಾರೆ. ನಿಮ್ಮ ಮಂಡಿಪೇಟೆಯಲ್ಲಿ ಆಗದ್ದೇನಲ್ಲ.

ಆಶ್ರಯಗಳ ನಿಯಮದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ಕುಡಿದವರಿಗೆ ಪ್ರವೇಶವಿಲ್ಲ ಎಂದು ಬರೆದರೆ, ಬೀದಿಯಲ್ಲಿ ಅತ್ಯಂತ ಕಷ್ಟದಲ್ಲಿರುವವರನ್ನೇ ಹೊರಗಿಟ್ಟು, ಹೇಗಾದರೂ ಒಂದು ವ್ಯವಸ್ಥೆ ಮಾಡಿಕೊಳ್ಳಬಲ್ಲವರಿಗೆ ಹಾಸಿಗೆ ಕೊಟ್ಟಂತಾಗುತ್ತದೆ. ಷರತ್ತು ನಡವಳಿಕೆಯ ಮೇಲಿರಲಿ, ಉಸಿರಿನ ವಾಸನೆಯ ಮೇಲೆ ಬೇಡ. ಬಾಟಲಿ ಒಳಗೆ ತರುವಂತಿಲ್ಲ, ಕೈ ಮಾಡುವಂತಿಲ್ಲ, ಅಷ್ಟೇ. ಕುಡಿದು ಬಂದವರಿಗೆ ಬಾಗಿಲ ಹತ್ತಿರ ನೆಲದ ಮೇಲೆ ಹಾಸಿಕೊಟ್ಟು, ವಾಂತಿ ಗಂಟಲಿಗೆ ಸಿಕ್ಕದಂತೆ ಮಗ್ಗುಲಾಗಿ ಮಲಗಿಸಿ, ರಾತ್ರಿಯಲ್ಲಿ ಉಸಿರು ನೋಡುತ್ತಿದ್ದರೆ ಸಾಕಾಗುತ್ತದೆ. ಇದಕ್ಕೆ ರಾತ್ರಿ ಪಾಳಿಯಲ್ಲಿ ಇಬ್ಬರು ಬೇಕು, ಒಬ್ಬರಿಂದ ಆಗದು, ಅದಕ್ಕೆ ಹಣ ಬೇಕು ಎಂಬುದನ್ನು ಅಲ್ಲಗಳೆಯುವುದಿಲ್ಲ. ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ಆಶ್ರಯ ಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದೆ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ್ದ ದಾವಣಗೆರೆ ನಗರಕ್ಕೆ ಆ ಲೆಕ್ಕದಲ್ಲಿ ಕನಿಷ್ಠ ನಾಲ್ಕು ಆಗಬೇಕು. ನಿಮ್ಮ ಸಂಘ ಪಾಲಿಕೆಯನ್ನು ಕೇಳಬೇಕಾದ ಪ್ರಶ್ನೆ ಅದು.

ನಿರಾಶ್ರಿತರ ಪರಿಹಾರ ಕೇಂದ್ರಗಳು ಬೇರೆಯೇ ವ್ಯವಸ್ಥೆ, ಅವು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದವು. ನಿಮ್ಮಲ್ಲಿ ತುರ್ಚಘಟ್ಟದಲ್ಲಿರುವುದೂ ನಮ್ಮಲ್ಲಿ ಗೋನೂರಿನಲ್ಲಿರುವುದೂ ಈ ಬಗೆಯವು. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ. 3ರ ಭಿಕ್ಷುಕರ ಉಪಕರ ಸೇರಿರುವುದು ಇವುಗಳಿಗಾಗಿಯೇ, ಆದ್ದರಿಂದ ಅಲ್ಲಿ ಮನೋವೈದ್ಯರ ಭೇಟಿ ಎಂದಿರುತ್ತದೆಂದು ಕೇಳಲು ನೀವು ಹಿಂಜರಿಯಬೇಕಾಗಿಲ್ಲ. ಆದರೆ ನಿತ್ಯ ಕುಡಿಯುವವರನ್ನು ವೈದ್ಯರಿಗೆ ತೋರಿಸದೆ ನೇರವಾಗಿ ಅಂಥ ಯಾವುದೇ ಕೇಂದ್ರಕ್ಕೆ ಸೇರಿಸಿದರೆ, ಮೇಡಂ ಹೇಳಿದ ಫಿಟ್ಸೂ ಸನ್ನಿಯೂ ಅಲ್ಲಿ ಮಲಗುವ ಕೋಣೆಯಲ್ಲಿಯೇ ಬರುತ್ತವೆ. ಮೊದಲು ಆಸ್ಪತ್ರೆ, ಆಮೇಲೆ ಕೇಂದ್ರ.

ಇನ್ನೊಂದು ಮಾತು. ದಾರಿಯಲ್ಲಿದ್ದವರನ್ನು ಹಿಡಿದು ಕೂದಲು ಬೋಳಿಸಿ, ಸ್ನಾನ ಮಾಡಿಸಿ, ಮೊದಲು ಹೀಗಿದ್ದರು ಈಗ ಹೀಗಾದರು ಎಂದು ವಿಡಿಯೊ ಹಾಕುವವರು ಹೆಚ್ಚಾಗಿದ್ದಾರೆ. ಒಪ್ಪಿಗೆ ಕೊಡಲಾಗದ ಮನುಷ್ಯನ ಮುಖವನ್ನು ಊರಿಗೆಲ್ಲ ಹಂಚುವುದು ಸೇವೆಯಲ್ಲ. ಅವರ ಪ್ಲಾಸ್ಟಿಕ್ ಚೀಲವನ್ನೂ ಕಸವೆಂದು ಎಸೆಯಬೇಡಿ, ಊರು ಯಾವುದೆಂಬ ಸುಳಿವು ಇರುವುದು ಬಹುಪಾಲು ಅದರೊಳಗೆ.

ಪ್ರಶ್ನೆ ಕೇಳಿದವರು: ಮಂಡಿಪೇಟೆ ವರ್ತಕ

ಮೂವರಿಗೂ ಕೃತಜ್ಞತೆಗಳು. ಹಣ ಕೊಡುವುದನ್ನು ಒಮ್ಮೆಗೇ ನಿಲ್ಲಿಸಬಾರದೆಂದು ಅಂಗಡಿಯವರಿಗೆ ತಿಳಿಸಿದ್ದೇನೆ. ಅರ್ಜಿಯ ಕರಡು ಸಿದ್ಧವಾಗಿದೆ, ಆದರೆ ಮೇಲ್ವಿಚಾರಕರ ಮಾತಿನಂತೆ ಮೊದಲು ನಮ್ಮ ಗುಮಾಸ್ತರೊಬ್ಬರು ದಿನವೂ ಅವರನ್ನು ಮಾತನಾಡಿಸುವುದೆಂದು ನಿರ್ಧರಿಸಿದ್ದೇವೆ. ಉಳಿದಿರುವ ಸಂದೇಹ ಒಂದೇ. 30 ದಿನ ಕಳೆದು ಬಿಡುಗಡೆಯಾದ ಮೇಲೆ ಅವರು ಎಲ್ಲಿಗೆ ಹೋಗಬೇಕು? ಮನೆಯವರು ಸಿಕ್ಕಿಯೂ ಬೇಡವೆಂದರೆ ಏನು ಮಾಡುವುದು? ಮತ್ತೆ ಕುಡಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥವಾದಂತಲ್ಲವೇ?

ಉತ್ತರ 4: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ದಾವಣಗೆರೆ

ಬಿಡುಗಡೆಯ ದಿನ ಮಾತ್ರೆಯ ಪಟ್ಟಿಯೊಂದನ್ನು ಕೈಗಿಟ್ಟು ಗೇಟಿನವರೆಗೆ ಬಿಡುವುದೇ ಈ ಸರಪಣಿಯಲ್ಲಿ ಅತ್ಯಂತ ದುರ್ಬಲವಾದ ಕೊಂಡಿ. ಆದ್ದರಿಂದ ಎಲ್ಲಿಗೆ ಎಂಬ ಪ್ರಶ್ನೆಯನ್ನು ದಾಖಲಾದ ಮೊದಲ ವಾರದಲ್ಲಿಯೇ ವಾರ್ಡಿನ ಸಮಾಜ ಕಾರ್ಯಕರ್ತರ ಬಳಿ ಎತ್ತಿ. ಕುಟುಂಬವಿಲ್ಲ, ಕುಟುಂಬ ಒಪ್ಪುತ್ತಿಲ್ಲ, ಮನೆಯಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದೆಂದು ವಕೀಲರು ಹೇಳಿದ ಕಾಯ್ದೆಯ ಕಲಂ 19 ಹೇಳುವಾಗಲೇ, ಅಂಥವರಿಗೆ ಸಮುದಾಯದೊಳಗೆ ಬದುಕಲು ಬೇಕಾದ ನೆರವನ್ನು ಸರ್ಕಾರ ಒದಗಿಸಬೇಕೆಂದೂ ಹೇಳುತ್ತದೆ. ಆಸ್ಪತ್ರೆ ಬಿಟ್ಟವರು ಸ್ವಂತ ಬದುಕಿಗೆ ಮರಳುವ ಮುನ್ನ ಇರುವ ಅರ್ಧದಾರಿ ಮನೆಗಳು ಆ ಕರ್ತವ್ಯದ ಭಾಗ, ಆದರೆ ನಮ್ಮ ಕಡೆ ಅವುಗಳಲ್ಲಿ ಜಾಗ ಸಿಗುವುದು ಕಷ್ಟ. ಚೆನ್ನೈನ ಬ್ಯಾನಿಯನ್ ಸಂಸ್ಥೆ, ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕಳೆದವರನ್ನು ನಾಲ್ಕೈದು ಮಂದಿಯಂತೆ ಊರ ನಡುವಿನ ಬಾಡಿಗೆ ಮನೆಗಳಲ್ಲಿ ಸಹಾಯಕರೊಂದಿಗೆ ಇರಿಸಿ ತೋರಿಸಿದೆ. ಆ ಮಾದರಿ ದಾವಣಗೆರೆಯಂಥ ಬಾಡಿಗೆ ಕಡಿಮೆ ಇರುವ ಊರಿಗೆ ಹೆಚ್ಚು ಹೊಂದುತ್ತದೆಂಬುದು ನನ್ನ ಎಣಿಕೆ.

ಮನೆಯವರ ವಿಚಾರದಲ್ಲಿ ಅವಸರ ಬೇಡ. ಕೆಲವರು ಮಗ ಸತ್ತನೆಂದು ತಿಥಿ ಮಾಡಿ ಮುಗಿಸಿರುತ್ತಾರೆ, ಕೆಲವರು ಹೊಡೆತ ತಾಳಲಾರದೆ ಹೊರಗೆ ಹಾಕಿರುತ್ತಾರೆ. ಮೊದಲು ಫೋನಿನಲ್ಲಿ ಮಾತಾಗಲಿ, ಆಮೇಲೆ ಅವರು ಆಸ್ಪತ್ರೆಗೆ ಬಂದು ನೋಡಲಿ, ಔಷಧಿ ಎಲ್ಲಿ ಸಿಗುತ್ತದೆ, ಯಾರಿಗೆ ಕರೆ ಮಾಡಬೇಕು ಎಂಬುದು ಗೊತ್ತಾದ ಮೇಲಷ್ಟೇ ಕರೆದೊಯ್ಯಲಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಶಿಬಿರವಿರುತ್ತದೆ, ಹಳ್ಳಿಗೆ ಮರಳಿದವರ ಚುಚ್ಚುಮದ್ದು ತಪ್ಪದಂತೆ ಅಲ್ಲಿಗೇ ಚೀಟಿ ಬರೆಸಿಕೊಳ್ಳಿ. ಹಗಲು ಆರೈಕೆಯ ಮಾನಸಧಾರಾ ಕೇಂದ್ರದ ಬಗ್ಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಚೇರಿಯಲ್ಲಿ ವಿಚಾರಿಸಿ. ದೀರ್ಘಕಾಲದ ಮನೋರೋಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಅಂಗವೈಕಲ್ಯವೂ ಹೌದಾದ್ದರಿಂದ, ಅದರ ಪ್ರಮಾಣ ಶೇ. 40ಕ್ಕಿಂತ ಕಡಿಮೆಯಿಲ್ಲದಿದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಪಿಂಚಣಿಗೂ ಅರ್ಜಿ ಹಾಕಬಹುದು.

ಮತ್ತೆ ಕುಡಿಯುವ ಸಂಭವ ಇದ್ದೇ ಇದೆ, ಅದನ್ನು ವಿಫಲತೆಯೆಂದು ಎಣಿಸಬೇಡಿ. 1992ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ, ಕುಡಿತ ಬಿಡಬೇಕೆಂಬ ಷರತ್ತಿಲ್ಲದೆ ಮೊದಲು ಮನೆ ಕೊಡುವ ಪದ್ಧತಿಯನ್ನು ಕೆನಡಾದ ಐದು ನಗರಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ, ಜನ ಮನೆಯಲ್ಲಿ ನೆಲೆನಿಂತರು ಎಂಬುದು ಸ್ಪಷ್ಟವಾಗಿ ಕಂಡಿತು. ಕುಡಿತ ಮಾತ್ರ ಈ ಪದ್ಧತಿಯಲ್ಲಿ ಮನೆ ಸಿಗದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ನೆಲೆ ಸಿಕ್ಕರೆ ಚಟ ತಾನಾಗಿ ಹೋಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ, ಚಟ ಹೋಗುವವರೆಗೆ ನೆಲೆ ಕೊಡಬಾರದೆಂದರೂ ನಂಬಬೇಡಿ. ಅವರು ಕುಡಿದು ಬಂದ ದಿನವೂ ಚುಚ್ಚುಮದ್ದಿನ ತಾರೀಕು ಬದಲಾಗದಿರಲಿ, ಆದರೆ ಕುಡಿದಿದ್ದಾರೆಂಬುದನ್ನು ವೈದ್ಯರಿಗೆ ಮುಚ್ಚಿಡಬೇಡಿ, ನಿದ್ದೆ ಬರಿಸುವ ಮಾತ್ರೆಗಳ ಪ್ರಮಾಣವನ್ನು ಅವರು ಅದಕ್ಕೆ ತಕ್ಕಂತೆ ನೋಡಿಕೊಳ್ಳಬೇಕಾಗುತ್ತದೆ. ರಾತ್ರಿ ಹೊತ್ತಿನಲ್ಲಿ ಏನು ಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು. ನಿಮ್ಮ ಗುಮಾಸ್ತರಿಗೂ ಆ ಸಂಖ್ಯೆಯನ್ನು ಕೊಟ್ಟಿರಿ.